ಮುಸ್ತಫಾ ಸಾಬರ ಮೂರು ಉಸಿರು

ನನ್ನ ಹೆಸರು ಶಾಂತವೀರಪ್ಪ. ಇಟ್ಟವರು ನಮ್ಮ ಅಜ್ಜ. ನಾನು ದೊಡ್ಡವನಾದ ಮೇಲೆ ಅವರು ಬದುಕಿದ್ದಿದ್ದರೆ ಕೊಟ್ಟ ಹೆಸರನ್ನು ವಾಪಸ್ ಕೇಳುತ್ತಿದ್ದರು. ದೇವರಮನೆ ಗುಡ್ಡದ ಕೆಳಗಿನ ಒಂದು ಎಸ್ಟೇಟಿನಲ್ಲಿ ಇಪ್ಪತ್ತಾರು ವರ್ಷ ಆಳುಗಳ ಹಾಜರಿ ಬರೆದು ಕಾಫಿ ಒಣಗಿಸುವುದನ್ನು ನೋಡಿಕೊಳ್ಳುವ ಕಣದ ರೈಟರ್ ಆಗಿದ್ದವನು ನಾನು. ಮೂಗಿನ ತುದಿಯಲ್ಲಿ ಕೋಪ ಎನ್ನುತ್ತಾರಲ್ಲ, ನನಗೆ ಅದು ಅಲ್ಲೂ ನಿಲ್ಲುತ್ತಿರಲಿಲ್ಲ, ಸೀದಾ ಕೈಗೆ ಇಳಿಯುತ್ತಿತ್ತು. ಈಗ ಇದನ್ನೆಲ್ಲ ನಗುತ್ತಾ ಬರೆಯುತ್ತಿದ್ದೇನೆ ಎಂದರೆ ಅದಕ್ಕೆ ಕಾರಣ ಮೂಡಿಗೆರೆಯ ಮೆಕ್ಯಾನಿಕ್ ಗುಲಾಮ್ ಮುಸ್ತಫಾ ಸಾಬರು. ಅವರು ಮಾಡಿದ ಉಪಕಾರವನ್ನಷ್ಟೇ ಬರೆದು, ಅವರಿಗೆ ನಾನು ಮಾಡಿದ ದ್ರೋಹವನ್ನು ನುಂಗಿಕೊಂಡರೆ ಅದು ಇನ್ನೊಂದು ದ್ರೋಹ. ಎರಡನ್ನೂ ಬರೆಯುತ್ತೇನೆ, ಓದುವವರು ಬೈದುಕೊಳ್ಳಲಿ.

ಕಾಫಿಯನ್ನು ಲೋಟದಲ್ಲಿ ಮಾತ್ರ ನೋಡಿದವರಿಗೆ ಕಣದ ಕೆಲಸ ಏನೆಂದು ಹೇಳಬೇಕು. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರ್ ಮಿಷನ್ನಿಗೆ ಹಾಕಿ ಸಿಪ್ಪೆ ಬಿಡಿಸಿ, ಬೀಜವನ್ನು ತೊಳೆದು, ಕಣದಲ್ಲಿ ಹರಡಿ ಒಣಗಿಸುತ್ತೇವೆ. ಹೊಟ್ಟು ಅಂಟಿಕೊಂಡಿರುವ ಆ ಬೀಜಕ್ಕೇ ಪಾರ್ಚ್‌ಮೆಂಟ್ ಎನ್ನುವುದು. ಅದಕ್ಕೆ ಎಂಟು ಹತ್ತು ದಿನ ಒಳ್ಳೆ ಬಿಸಿಲು ಬೇಕು. ನಡುವೆ ಒಂದು ಮಳೆ ಬಿತ್ತೋ, ಬೀಜದ ಬಣ್ಣ ಕೆಟ್ಟು ಮುಗ್ಗಲು ವಾಸನೆ ಹಿಡಿಯುತ್ತದೆ. ವರ್ಷವಿಡೀ ನೂರು ಜನ ದುಡಿದದ್ದು ಹತ್ತು ನಿಮಿಷದಲ್ಲಿ ಹಾಳು. ಹಾಗಾಗಿ ನವೆಂಬರಿನಿಂದ ಫೆಬ್ರವರಿವರೆಗೆ ನನ್ನ ಕಾಲು ಕಣದಲ್ಲಿ, ಕಣ್ಣು ಆಕಾಶದಲ್ಲಿ. ಅಂಗೈಯಗಲ ಮೋಡ ಕಂಡರೂ ಟಾರ್ಪಾಲಿಗೆ ಓಡುತ್ತಿದ್ದೆ.

ಕೊಯ್ಲು ಮುಗಿದ ಮೇಲಾದರೂ ಮೈ ಹಗುರಾಗಬೇಕೋ ಬೇಡವೋ? ಆಗುತ್ತಿರಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋವು, ಹೊಟ್ಟೆಯಲ್ಲಿ ಉರಿ, ತಲೆಗೆ ಹಗ್ಗ ಸುತ್ತಿ ಬಿಗಿದ ಹಾಗೆ. ಡಾಕ್ಟರು ಬಿಳಿ ಮಾತ್ರೆ ಕೊಟ್ಟು, "ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ" ಎಂದರು. ಕಮ್ಮಿ ಮಾಡಿಕೊಳ್ಳುವುದು ಹೇಗೆ ಎಂದು ಅವರೂ ಹೇಳಲಿಲ್ಲ, ಚೀಟಿಯಲ್ಲೂ ಇರಲಿಲ್ಲ. ನನ್ನ ಹೆಂಡತಿ ಭಾಗೀರಥಿ ಒಂದು ದಿನ ಅನ್ನ ಬಡಿಸುತ್ತಾ, "ನೀವು ಒಳಗೆ ಬಂದ್ರೆ ಪಾತ್ರೆ ಕೂಡ ಸದ್ದು ಮಾಡಲ್ಲ ನೋಡಿ, ಅಷ್ಟು ಹೆದರ್ಕೊಂಡಿದಾವೆ" ಎಂದಳು. ನಾನು ತಟ್ಟೆ ಬಿಟ್ಟು ಎದ್ದುಹೋದೆ. ಅಂಥ ಮನುಷ್ಯ ನಾನು.

ಎಪ್ಪತ್ತೆಂಟರ ಜನವರಿಯಲ್ಲಿ ಇದು ಮಿತಿ ಮೀರಿತು. ಕಣದ ಹೆಂಗಸರಿಗೆಲ್ಲ ಹಿರಿಯಳಾದ ದ್ಯಾವಮ್ಮ, ಆಗತಾನೇ ತೊಳೆದ ಒದ್ದೆ ಪಾರ್ಚ್‌ಮೆಂಟನ್ನು ಒಣಗಿದ ರಾಶಿಯ ಅಂಚಿಗೆ ಸುರಿದಳು. ಅಷ್ಟಕ್ಕೇ ನಾನು ಕೈಯಲ್ಲಿದ್ದ ಕಾಫಿ ಎಳೆಯುವ ಹಲಗೆಯನ್ನು ಬೀಸಿ ಎಸೆದೆ. ಅದು ಅವಳ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿದು ಹಿಡಿ ಮುರಿಯಿತು.  ದ್ಯಾವಮ್ಮ ಕಿವಿ ಮುಟ್ಟಿ ನೋಡಿಕೊಂಡಳು.

"ರೈಟ್ರೇ, ಇವತ್ತು ಗುರಿ ತಪ್ತು. ನಾಳೆ ತಪ್ಪದೇ ಇದ್ರೆ ನನ್ನ ಮೊಮ್ಮಕ್ಳಿಗೆ ನೀವೇ ಗಂಜಿ ಹಾಕ್ಬೇಕು ಮತ್ತೆ" ಎಂದು ಪುನಃ ಕೆಲಸಕ್ಕೆ ಬಗ್ಗಿದಳು. ಬೈದಿದ್ದರೆ ಒಳ್ಳೆಯದಿತ್ತು.

ಆಗ ಪಲ್ಪರಿನ ಅಡಿಯಿಂದ ಗ್ರೀಸ್ ಮೆತ್ತಿದ ಎರಡು ಕಾಲು ಹೊರಗೆ ಬಂದವು, ಆಮೇಲೆ ಉಳಿದ ಮುಸ್ತಫಾ ಸಾಬರು ಬಂದರು. ಮಿಷನ್ ರಿಪೇರಿಗೆ ಬಂದಿದ್ದರು. ಎಲ್ಲವನ್ನೂ ಮಲಗಿದಲ್ಲಿಂದಲೇ ನೋಡಿದ್ದರು. ಬಟ್ಟೆ ಚೂರಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಬನ್ನಿ ರೈಟ್ರೇ, ಒಂದು ಟೀ ಕುಡಿಯುವ" ಎಂದು ನನ್ನನ್ನು ಆಚೆಗೆ ಕರೆದುಕೊಂಡು ಹೋದರು.

"ಮಿಷನ್ ಓಡುವಾಗ ಬಿಸಿ ಆಗ್ತದೆ, ಅದು ಸರಿ. ನಿಂತ ಮೇಲೂ ಬಿಸಿ ಇಳಿಯದಿದ್ರೆ ಬಿಚ್ಚಿ ನೋಡ್ಬೇಕು ಮಾರಾಯ್ರೆ. ಕೆಲಸ ಕಮ್ಮಿ ಆದ್ಮೇಲೆ ಅಂಗಡಿಗೆ ಬನ್ನಿ" ಎಂದರು. ನನ್ನನ್ನು ಮಿಷನ್ನಿಗೆ ಹೋಲಿಸಿದರಲ್ಲ ಎಂದು ಅದಕ್ಕೂ ಸಿಟ್ಟು ಬಂತು. ಆದರೂ ಜೂನ್ ತಿಂಗಳಲ್ಲಿ ಹೋದೆ. ದ್ಯಾವಮ್ಮನ ಕಿವಿ ನನ್ನ ಕಣ್ಣ ಮುಂದಿನಿಂದ ಹೋಗಿರಲಿಲ್ಲ.

ಮುಸ್ತಫಾ ಸಾಬರಿಗೆ ಆಗ ಐವತ್ತರ ಆಸುಪಾಸು. ಹಾಸನದ ಕಡೆಯವರು. ಪ್ರಾಯದಲ್ಲಿ ಊರೂರು ತಿರುಗುವ ಒಂದು ಮ್ಯಾಜಿಕ್ ಕಂಪನಿಯ ಜನರೇಟರ್ ನೋಡಿಕೊಳ್ಳಲು ಸೇರಿ ಆರು ವರ್ಷ ಅಲ್ಲಿದ್ದರು. ಆ ಕಂಪನಿಯ ಯಜಮಾನ ಸ್ಟೇಜಿನ ಮೇಲೆ ಹಿಪ್ನಾಟಿಸಂ ಮಾಡಿ, ಬಂದವರಿಗೆ ಈರುಳ್ಳಿಯನ್ನು ಸೇಬು ಎಂದು ನಂಬಿಸಿ ತಿನ್ನಿಸುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಆಟ ಶುರುವಾಗುವ ಮೊದಲು ಅದೇ ಯಜಮಾನನ ಕೈ ಗಡಗಡ ನಡುಗುತ್ತಿತ್ತಂತೆ. ಪರದೆಯ ಹಿಂದೆ ಕಣ್ಣು ಮುಚ್ಚಿ ಕೂತು, ತನಗೆ ತಾನೇ ಎಣಿಸಿಕೊಂಡು, ಹತ್ತು ನಿಮಿಷದಲ್ಲಿ ಸಮಾಧಾನವಾಗಿ ಎದ್ದು ಬರುತ್ತಿದ್ದನಂತೆ. "ಈರುಳ್ಳಿ ವಿದ್ಯೆ ನಂಗೆ ಬೇಡ, ಆ ಪರದೆ ಹಿಂದಿಂದು ಕಲಿಸಿಕೊಡಿ ಅಂತ ಕೇಳ್ದೆ" ಎನ್ನುತ್ತಿದ್ದರು ಸಾಬರು. ಮದುವೆಯಾಗಿ ಮೂಡಿಗೆರೆಗೆ ಬಂದು ಬಸ್ ಸ್ಟ್ಯಾಂಡಿನ ಹಿಂದೆ ವರ್ಕ್‌ಶಾಪ್ ಹಾಕಿದರು. ಪಲ್ಪರ್, ಪಂಪ್‌ಸೆಟ್ಟು, ಜೀಪು ಹೊಟ್ಟೆಪಾಡಿಗೆ. ಈ ಪರದೆ ಹಿಂದಿನ ವಿದ್ಯೆ ಮಾತ್ರ ಬೇಕೆಂದವರಿಗೆ ಪುಕ್ಕಟೆ.

ಹಳೇ ಜೀಪಿನಿಂದ ಬಿಚ್ಚಿದ ಸೀಟೊಂದನ್ನು ಗೋಡೆಗೆ ಒರಗಿಸಿ ನನ್ನನ್ನು ಕೂರಿಸಿದರು. ಹೊಳೆಯುವ ಒಂದು ವಾಷರನ್ನು ದಾರಕ್ಕೆ ಕಟ್ಟಿ ಹಣೆಯ ಎತ್ತರಕ್ಕೆ ತೂಗುಬಿಟ್ಟರು. ಸಿನಿಮಾದಲ್ಲಿ ತೋರಿಸುವ ಹಾಗೆ ಆಡಿಸಲಿಲ್ಲ, ಅದು ಸುಮ್ಮನೆ ನಿಂತಿತ್ತು.

"ನಾನು ನಿಮಗೆ ಎಂತದೂ ಮಾಡಲ್ಲ. ಮಾಡ್ಕೊಳ್ಳೋದು ನೀವೇ. ನಾನು ಸ್ಪ್ಯಾನರ್ ಹಿಡ್ಕೊಂಡು ಪಕ್ಕದಲ್ಲಿ ನಿಂತಿರೋನು ಅಷ್ಟೇ. ಅದನ್ನೇ ನೋಡ್ತಾ ಇರಿ. ಕಣ್ಣು ಭಾರ ಆದ್ರೆ ಮುಚ್ಚಲಿ ಬಿಡಿ. ಮೇಲಿನ ಹಲ್ಲು ಕೆಳಗಿನ ಹಲ್ಲು ಬೇರೆ ಬೇರೆ ಇಡಿ. ಅವಕ್ಕೆ ಜಗಳ ಯಾಕೆ?"

ಅವರು ಇಪ್ಪತ್ತರಿಂದ ಕೆಳಗೆ ಎಣಿಸಿದರು. ಒಂದೊಂದು ಸಂಖ್ಯೆಗೆ ಒಂದೊಂದು ಜಾಗ: ಹಣೆ, ದವಡೆ, ಹೆಗಲು, ಬೆರಳು. ನಿದ್ದೆ ಬಂತು ಎಂದುಕೊಳ್ಳಬೇಡಿ. ಬಸ್ಸಿನ ಹಾರನ್ ಕೇಳಿಸುತ್ತಿತ್ತು, ಅವರ ಹೆಂಡತಿ ಕರೀಮುನ್ನೀಸಾ ಒಳಗೆ ಒಗ್ಗರಣೆ ಹಾಕಿದ್ದೂ ಕೇಳಿಸಿತು. ಕೈ ಮಾತ್ರ ನನ್ನದಲ್ಲವೆಂಬಷ್ಟು ಭಾರವಾಗಿತ್ತು. ಆ ಸ್ಥಿತಿಯಲ್ಲಿ ನಾನು ಯಾರಿಗೂ ಹೇಳದ ಮಾತು ಹೇಳಿದೆ. ಕಣ, ಮನೆ, ಹೆಂಡತಿ ಎಲ್ಲ ಬಿಟ್ಟು ಸಂಸೆ ಊರಿನ ಬಸ್ಸು ಹತ್ತಿ ಅಲ್ಲಿಯ ಕಾಡು ಸೇರಿಬಿಡಬೇಕು ಅನ್ನಿಸುತ್ತದೆ ಎಂದೆ. ಹೇಳುತ್ತಾ ಗೊಳೋ ಎಂದು ಅತ್ತೆ. ಅವರು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅತ್ತು ಮುಗಿಯುವವರೆಗೆ ಕಾದರು.

ಆಮೇಲೆ ಕೇಳಿದರು: "ಯಾವ ಸದ್ದು ಕೇಳಿದ್ರೆ ನಿಮ್ಮ ಮೈ ತಾನಾಗೇ ಸಡಿಲ ಆಗ್ತದೆ?"

ಮಲೆನಾಡಿನವನನ್ನು ಜೂನ್ ತಿಂಗಳಲ್ಲಿ ಇದನ್ನು ಕೇಳಿದರೆ ಇನ್ನೇನು ಹೇಳಿಯಾನು? ಅಂಗಡಿಯ ತಗಡಿನ ಮಾಡಿನ ಮೇಲೆ ಧೋ ಎಂದು ಹೊಯ್ಯುತ್ತಿತ್ತು. ಮಳೆಗಾಲವೆಂದರೆ ಕಣ ಖಾಲಿ, ನನಗೆ ರಜೆ. "ಮಳೆ ಸದ್ದು" ಎಂದೆ. ಅವರು ಅದನ್ನೇ ಗುರುತು ಮಾಡಿದರು. ತಗಡಿನ ಮೇಲೆ ಮಳೆ ಕೇಳಿದ ತಕ್ಷಣ ಕಣ್ಣು ಮುಚ್ಚುವುದು, ಮೂರು ಸಲ ನಿಧಾನವಾಗಿ ಉಸಿರು ಬಿಡುವುದು, ಮೂರನೆಯದಕ್ಕೆ ಮೈ ಪೂರ್ತಿ ಸಡಿಲ.

ಆ ವರ್ಷ ಮಳೆಗೇನು ಬರವೇ? ದಿನಕ್ಕೆ ನಾಲ್ಕು ಸಲ ಅಭ್ಯಾಸ ಮಾಡಿದೆ. ಹದಿನೈದು ದಿನಕ್ಕೊಮ್ಮೆ ಸಾಬರ ಹತ್ತಿರ ಹೋಗಿ ಬಂದೆ. ಆಗಸ್ಟ್ ಹೊತ್ತಿಗೆ ಹೊಟ್ಟೆಯ ಉರಿ ನಿಂತಿತು. ಒಂದು ದಿನ ಭಾಗೀರಥಿಯ ಕೈಯಿಂದ ಹಾಲಿನ ಪಾತ್ರೆ ಬಿದ್ದು ಅಡುಗೆಮನೆಯೆಲ್ಲ ಹಾಲಾಯಿತು. ನಾನು ಬಟ್ಟೆ ತಂದು ಒರೆಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು, "ಯಾರ್ರೀ ನೀವು? ನಮ್ಮನೆಯವ್ರನ್ನ ಎಲ್ಲಿ ಬಿಟ್ಟು ಬಂದ್ರಿ?" ಎಂದಳು. ಇಬ್ಬರೂ ನಕ್ಕೆವು. ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಆದರೆ ಎಲ್ಲಿಗೆ ಹೋಗಿ ಬರುತ್ತೇನೆ ಎಂದು ಅವಳಿಗೂ ಹೇಳಿರಲಿಲ್ಲ. ರೈಟರಿಗೆ ತಲೆ ಕೆಟ್ಟಿದೆಯಂತೆ ಎಂದು ಒಬ್ಬರು ಆಡಿದರೆ ಸಾಕು, ಕೆಲಸಕ್ಕೆ ಸಂಚಕಾರ.

ಸೆಪ್ಟೆಂಬರಿನಲ್ಲಿ ಸಾಬರು ಹೇಳಿದರು, "ಕೊಯ್ಲು ಶುರು ಆಗೋ ಮುಂಚೆ ಒಂದ್ಸಲ ಬಂದುಬಿಡಿ ರೈಟ್ರೇ. ಮಳೆ ಗುರುತು ತೆಗೆದು ಬೇರೆ ಇಡುವ. ಕಣಕ್ಕೂ ಮಳೆಗೂ ಆಗಿ ಬರಲ್ಲ." ಹೂಂ ಎಂದೆ, ಹೋಗಲಿಲ್ಲ. ಚೆನ್ನಾಗಿದ್ದೇನಲ್ಲ, ಇನ್ನೇಕೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರಲ್ಲ, ಆ ಜಾತಿ ನಾನು.

ಡಿಸೆಂಬರ್ ಎರಡನೇ ವಾರ. ಕಣದ ತುಂಬ ಪಾರ್ಚ್‌ಮೆಂಟ್, ಮೂರು ದಿನದಿಂದ ನನಗೆ ಸರಿಯಾದ ವಿಶ್ರಾಂತಿ ಇಲ್ಲ. ಮಧ್ಯಾಹ್ನ ಊಟ ಮಾಡಿ ಪಲ್ಪರ್ ಶೆಡ್ಡಿನ ಬೆಂಚಿನ ಮೇಲೆ ಕೂತಿದ್ದೆ. ಎಲ್ಲಿತ್ತೋ ಮೋಡ, ತಗಡಿನ ಮೇಲೆ ಟಪಟಪ ಎಂದಿತು. ನನ್ನ ಕಣ್ಣು ಮುಚ್ಚಿತು. ಒಂದು ಉಸಿರು, ಎರಡು, ಮೂರು. ಆಹಾ, ಏನು ಸುಖ!

ದ್ಯಾವಮ್ಮ ಭುಜ ಹಿಡಿದು ಅಲುಗಾಡಿಸಿದಾಗಲೇ ಎಚ್ಚರ. ಹೆಂಗಸರೇ ಟಾರ್ಪಾಲು ಎಳೆದು ಅರ್ಧ ಕಣ ಮುಚ್ಚಿದ್ದರು. ಇನ್ನರ್ಧ ನೀರಿನಲ್ಲಿ ತೇಲುತ್ತಿತ್ತು.

ಎಸ್ಟೇಟಿನ ಮಾಲೀಕರು ಏಕಾಂತಪ್ಪನವರು. ಕೆಟ್ಟವರಲ್ಲ, ಆದರೆ ಅವರ ಗಂಟಲೂ ನನ್ನದರ ಹಾಗೆಯೇ. ಜೀಪಿನಿಂದ ಇಳಿದವರೇ ಒದ್ದೆ ಬೀಜವನ್ನು ಮುಷ್ಟಿಯಲ್ಲಿ ಹಿಡಿದು, "ಎಂತ ಮಾಡ್ತಿದ್ಯೋ ಶಾಂತವೀರ? ಕಣ್ಣು ಎಲ್ಲಿತ್ತು ನಿಂಗೆ?" ಎಂದು ಅಬ್ಬರಿಸಿದರು. ನನ್ನ ಬಾಯಿಂದ ಸುಳ್ಳು ಹೇಗೆ ಬಂತೋ ಬಂತು.

"ಮೊನ್ನೆ ಆ ಮುಸ್ತಫಾ ಸಾಬರು ಮಿಷನ್ ನೋಡೋಕೆ ಬಂದಾಗ ನನ್ನ ಮುಖನೇ ದಿಟ್ಟಿಸಿ ನೋಡಿದ್ರು ಅಯ್ಯ. ಅವತ್ತಿಂದ ಮಂಕುಬೂದಿ ಎರಚಿದ ಹಾಗಾಗಿದೆ. ನಂಗೆ ಗೊತ್ತೇ ಆಗ್ಲಿಲ್ಲ."

ಅವರು ಮ್ಯಾಜಿಕ್ ಕಂಪನಿಯಲ್ಲಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಮಾತು ಬೆಂಕಿಗಿಂತ ಜೋರಾಗಿ ಹಬ್ಬಿತು. ಸಾಬರು ಎಸ್ಟೇಟಿಗೆ ಕಾಲಿಡಬಾರದು ಎಂದರು ಏಕಾಂತಪ್ಪನವರು. ಪಕ್ಕದ ಎಸ್ಟೇಟಿನವರೂ ಹಾಗೇ ಎಂದರು. ಹಿಪ್ನಾಟಿಸಂ ಹೋಗಿ ವಶೀಕರಣವಾಯಿತು, ಮಾಟವಾಯಿತು. ಬಸ್ ಕಂಡಕ್ಟರ್ ಅವರಿಗೆ ಟಿಕೆಟ್ ಕೊಡುವಾಗ ಮುಖವನ್ನು ಆಚೆ ತಿರುಗಿಸಿಕೊಳ್ಳುತ್ತಿದ್ದನಂತೆ. ಪಲ್ಪರುಗಳೆಲ್ಲ ಹಗಲಿರುಳು ಓಡುವ ಕಾಲ, ಮೆಕ್ಯಾನಿಕ್ಕಿಗೆ ವರ್ಷದ ದುಡಿಮೆ ಆಗುವುದೇ ಆಗ. ಅವರ ಬಾಗಿಲಿಗೆ ಒಬ್ಬರೂ ಹೋಗಲಿಲ್ಲ. ನನಗೋ, ಕೆಲಸ ಉಳಿಯಿತು. ಹೊಟ್ಟೆಯ ಉರಿಯೂ ವಾಪಸ್ ಬಂತು. ಮೂರಲ್ಲ, ಮುನ್ನೂರು ಉಸಿರು ಬಿಟ್ಟರೂ ದವಡೆ ಸಡಿಲವಾಗಲಿಲ್ಲ.

ತಿಂಗಳಾದ ಮೇಲೆ ದ್ಯಾವಮ್ಮ ಕಣ ಗುಡಿಸುತ್ತಾ ನನ್ನ ಹತ್ತಿರ ಬಂದಳು. "ಸಾಬರು ಅಂಗಡಿ ಖಾಲಿ ಮಾಡ್ಕೊಂಡು ಊರೇ ಬಿಡ್ತಾರಂತೆ. ಅವತ್ತು ನಿಮಗೆ ಯಾರೂ ಮಂಕುಬೂದಿ ಎರಚಿಲ್ಲ ರೈಟ್ರೇ. ಮಳೆ ಹನಿ ಬಿದ್ದ ಕೂಡ್ಲೇ ನೀವೇ ಕಣ್ಮುಚ್ಚಿ ಉಸ್ ಅಂತ ಉಸಿರು ಬಿಟ್ಟಿದ್ದನ್ನ ನಾನು ಕಣ್ಣಾರೆ ಕಂಡಿದೀನಿ. ಹಲಗೆ ಎಸೆದಾಗ ನನ್ನ ಕಿವಿ ತಪ್ಪಿಸ್ಕೊಂತು. ಈಗ ಎಸೆದದ್ದು ತಗುಲ್ತು ನೋಡಿ."

ಅವತ್ತು ಮಧ್ಯಾಹ್ನದ ಬಸ್ಸಿಗೇ ಮೂಡಿಗೆರೆಗೆ ಹೋದೆ. ಕ್ಷಮಿಸಿ ಎಂದು ಗುಟ್ಟಾಗಿ ಹೇಳಿ ಬಂದುಬಿಡೋಣ ಎಂಬ ಲೆಕ್ಕಾಚಾರ. ಸಾಬರು ಇರಲಿಲ್ಲ, ಹಾಸನಕ್ಕೆ ಬಾಡಿಗೆ ಮಳಿಗೆ ನೋಡಲು ಹೋಗಿದ್ದರು. ಕರೀಮುನ್ನೀಸಾ ಒಬ್ಬರೇ ಕೂತು ಸ್ಪ್ಯಾನರುಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ನನ್ನನ್ನು ಕಂಡು ಎದ್ದರು, ಕೂತ್ಕೊಳ್ಳಿ ಎನ್ನಲಿಲ್ಲ.

"ನಿಮ್ಮ ಏಕಾಂತಪ್ಪನೋರು ಇವ್ರನ್ನ ಕರ್ಸಿದ್ರು, ಗೊತ್ತುಂಟಾ ನಿಮಗೆ?" ಎಂದರು. "ಎರಡು ಸಲ ಕೇಳಿದ್ರಂತೆ, 'ಸಾಬ್ರೇ, ನಮ್ಮ ರೈಟರಿಗೆ ಎಂತ ಮಾಡಿದ್ರಿ ಹೇಳಿ, ನಂಬ್ತೀನಿ' ಅಂತ. ಇವ್ರು ಬಾಯಿ ಬಿಡ್ಲಿಲ್ಲ. ನಾನು ಜಗಳ ಆಡ್ದೆ. ರೈಟ್ರೇ ಮದ್ದಿಗೆ ಬರ್ತಿದ್ರು, ಗುರುತು ಬದ್ಲಾಯಿಸ್ಕೊಳ್ಳಿ ಅಂದ್ರೂ ಬರ್ಲಿಲ್ಲ, ಅಷ್ಟು ಹೇಳಿ ಬನ್ನಿ ಅಂದೆ. ಅದಕ್ಕೆ ಎಂತ ಅಂದ್ರು ಗೊತ್ತಾ? 'ನಾನು ಹಾಗೆ ಹೇಳಿದ್ರೆ ನಾಳೆಯಿಂದ ಅವ್ರನ್ನ ತಲೆ ಕೆಟ್ಟ ರೈಟರ್ ಅಂತಾರೆ. ಅವ್ರಿಗೆ ಬೇರೆ ಕೆಲಸ ಬರಲ್ಲ. ನಂಗೆ ಸ್ಪ್ಯಾನರ್ ಇದ್ರೆ ಯಾವ ಊರಾದ್ರೂ ಆಗ್ತದೆ.' ನೀವು ಇಲ್ಲಿ ಕೂತು ಎಂತ ಹೇಳಿದ್ರಿ, ಯಾಕೆ ಅತ್ರಿ, ಅದನ್ನ ನಂಗೂ ಇವತ್ತಿನವರೆಗೆ ಹೇಳಿಲ್ಲ."

ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.  "ನಾಳೆವರೆಗೆ ಇದನ್ನ ಕಟ್ಬೇಡಿ ಅಮ್ಮ" ಎಂದಷ್ಟೇ ಹೇಳಿ ಬಂದೆ.

ಮರುದಿನ ಬೆಳಿಗ್ಗೆ ಹಾಜರಿಯ ಹೊತ್ತು. ಕಣದ ಮುಂದೆ ಆಳುಗಳೆಲ್ಲ ಸಾಲಾಗಿ ನಿಂತಿದ್ದರು, ಏಕಾಂತಪ್ಪನವರೂ ಇದ್ದರು. ನಾನು ಹಾಜರಿ ಕೂಗುವ ಬದಲು ಜೋರಾಗಿ ಹೇಳಿದೆ. ಮುಸ್ತಫಾ ಸಾಬರ ಮೇಲೆ ನಾನು ಹೇಳಿದ್ದು ಸುಳ್ಳು. ನನ್ನ ತಲೆಯೇ ಸರಿಯಿರಲಿಲ್ಲ, ನಾನೇ ಅವರ ಬಳಿ ಹಿಪ್ನಾಟಿಸಂ ಮಾಡಿಸಿಕೊಳ್ಳಲು ಹೋಗುತ್ತಿದ್ದೆ. ಮಳೆ ಸದ್ದನ್ನು ಆರಿಸಿಕೊಂಡವನೂ ನಾನೇ, ಅವರು ಬದಲಾಯಿಸುವ ಎಂದಾಗ ಹೋಗದವನೂ ನಾನೇ. ಅವರಿಂದ ನನಗೆ ಒಳ್ಳೆಯದಾಗಿತ್ತು, ನಾನು ಅವರ ಅನ್ನಕ್ಕೆ ಮಣ್ಣು ಹಾಕಿದೆ. ಇಷ್ಟನ್ನೂ ಹೇಳುವಾಗ ದವಡೆ ಹಗುರಾಗಿತ್ತು.

 ದ್ಯಾವಮ್ಮ ಸಾಲಿನಿಂದಲೇ, "ಅಯ್ಯೋ, ಅದೇ ಹೇಳೋದಕ್ಕೆ ಒಂದು ತಿಂಗ್ಳು ಬೇಕಾಯ್ತಾ? ನಂಗೂ ಸೊಸೆ ಬಾಯಿಗೆ ತಲೆ ಸಿಡೀತದೆ, ಒಂದ್ಸಲ ಕರ್ಕೊಂಡ್ ಹೋಗಿ" ಎಂದಳು. ಸಾಲಿಗೆ ಸಾಲೇ ನಕ್ಕಿತು. ಏಕಾಂತಪ್ಪನವರು ನಗಲಿಲ್ಲ. "ಸಂಜೆ ಬಂಗ್ಲೆಗೆ ಬಾ" ಎಂದು ಹೊರಟುಹೋದರು.

ಕೆಲಸ ಹೋಯಿತು ಎಂದೇ ತಿಳಿದು ಸಂಜೆ ಭಾಗೀರಥಿಗೂ ಎಲ್ಲ ಹೇಳಿ ಬಂಗಲೆಗೆ ಹೋದೆ. ಏಕಾಂತಪ್ಪನವರು ಜಗಲಿಯಲ್ಲಿ ಕೂತಿದ್ದರು.  ಒಳಗೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೋ ಎಂದು ಬಾಗಿಲಿನ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಅಲ್ವೋ, ನಾನು ಅಷ್ಟು ಕೇಳಿದ್ರೂ ಅವ್ರು ನಿನ್ನ ವಿಷಯ ಬಾಯಿ ಬಿಡ್ಲಿಲ್ಲ. ಯಾರ ವಿಷಯನೂ ಹೇಳಲ್ವಾ ಅವ್ರು?"

"ಊರು ಬಿಡೋಕೆ ತಯಾರಾದ್ರು ಅಯ್ಯ, ಹೇಳ್ಲಿಲ್ಲ" ಎಂದೆ.

"ನಾಳೆ ಬೆಳಿಗ್ಗೆ ಜೀಪು ತೆಗಿ" ಎಂದರು.

ಮರುದಿನ ಮೂಡಿಗೆರೆಯ ಸಂತೆ. ಇಡೀ ಊರು ನೋಡುತ್ತಿದ್ದಂತೆ ಏಕಾಂತಪ್ಪನವರ ಜೀಪು ಮುಸ್ತಫಾ ಸಾಬರ ವರ್ಕ್‌ಶಾಪಿನ ಮುಂದೆ ನಿಂತಿತು. ನಾನು ಓಡಿಹೋಗಿ ಸಾಬರ ಎರಡೂ ಕೈ ಹಿಡಿದುಕೊಂಡೆ. ಅಳು ಬಂತು. ಅವರು ನನ್ನನ್ನು ನೋಡಿ, "ಮೊದ್ಲು ಆ ಮಳೆ ಗುರುತು ತೆಗೆಯುವ ಮಾರಾಯ್ರೆ, ಇಲ್ಲಾಂದ್ರೆ ಬರೋ ವರ್ಷನೂ ನೀವು ಕಣ ಮುಳುಗಿಸ್ತೀರಿ" ಎಂದರು. ಅಷ್ಟೇ. ಒಂದು ಬೈಗುಳವಿಲ್ಲ, ಒಂದು ಕೊಂಕಿಲ್ಲ. ಮಳೆಯ ಬದಲು ಹೆಬ್ಬೆರಳನ್ನು ತೋರುಬೆರಳಿಗೆ ಒತ್ತುವುದನ್ನು ಗುರುತು ಮಾಡಿಕೊಟ್ಟರು. ಆಮೇಲಿನ ಹನ್ನೆರಡು ಕೊಯ್ಲುಗಳಲ್ಲಿ ನಾನು ಕಣದಲ್ಲಿ ಒಬ್ಬರ ಮೇಲೂ ಕೈ ಎತ್ತಲಿಲ್ಲ. ಮೋಡ ಕಂಡರೆ ಮೊದಲು ಟಾರ್ಪಾಲು, ಆಮೇಲೆ ಉಸಿರು. ಇವತ್ತು ನನ್ನ ಮನೆಯಲ್ಲಿ ಪಾತ್ರೆಗಳು ಧೈರ್ಯವಾಗಿ ಸದ್ದು ಮಾಡುತ್ತವೆ. ಈ ಜೀವ ಇರುವವರೆಗೂ ಅವರ ಋಣ ತೀರುವುದಿಲ್ಲ.

ಆ ದಿನ ನನ್ನದು ಮುಗಿದ ಮೇಲೆ ಏಕಾಂತಪ್ಪನವರು ಒಳಗೆ ಹೋದರು, ಬಾಗಿಲು ಮುಚ್ಚಿತು. ಒಂದೂವರೆ ಗಂಟೆ ಕಳೆದು ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು, ಮುಖ ಹಗುರಾಗಿತ್ತು. ಜೀಪು ಹತ್ತುವ ಮೊದಲು ಅಂಗಡಿಯ ಮುಂದೆ ನಿಂತು, ಸಂತೆಗೆ ಬಂದವರಿಗೆಲ್ಲ ಕೇಳಿಸುವಂತೆ, "ನಾಳೆ ನಮ್ಮ ಪಲ್ಪರ್ ನೋಡೋಕೆ ಬರ್ಬೇಕು ಸಾಬ್ರೇ" ಎಂದರು. ಕರೀಮುನ್ನೀಸಾ ಗೋಣಿಚೀಲದ ಬಾಯಿ ಬಿಚ್ಚಿ ಸ್ಪ್ಯಾನರುಗಳನ್ನು ಒಂದೊಂದಾಗಿ ಗೋಡೆಯ ಮೊಳೆಗೆ ನೇತುಹಾಕಿದರು.

ನನಗೆ ಕುತೂಹಲ ತಡೆಯಲಿಲ್ಲ. ಮುಂದಿನ ಸಲ ಹೋದಾಗ ಕೇಳಿಯೇಬಿಟ್ಟೆ. "ಸಾಬ್ರೇ, ಅವತ್ತು ನಮ್ಮ ಅಯ್ಯ ಒಳಗೆ ಅಷ್ಟು ಹೊತ್ತು ಎಂತ ಹೇಳಿದ್ರು?"

"ಪಲ್ಪರಿನ ಬೆಲ್ಟಿನ ವಿಷಯ" ಎಂದರು ಮುಸ್ತಫಾ ಸಾಬರು. ಎಂಬತ್ತಾರನೇ ಇಸವಿಯಲ್ಲಿ ತೀರಿಕೊಳ್ಳುವವರೆಗೂ, ನಾನು ಎಷ್ಟು ಸಲ ಕೇಳಿದರೂ, ಅವರು ಹೇಳಿದ್ದು ಬೆಲ್ಟಿನ ವಿಷಯವನ್ನೇ.